ನಡು ಬಿಚ್ಚುವ ಮುನ್ನ: ಹಳೆ ಟ್ರ್ಯಾಕ್ಟರ್‌ನ ಕ್ಲಚ್ ದೋಷ ಹುಡುಕುವ ಬಗೆ

ಕಬ್ಬಿನ ಹಂಗಾಮು ಮುಗಿಯುತ್ತ ಬಂತೆಂದರೆ ಮುಧೋಳದ ಹತ್ತಿರದ ನನ್ನ ಶೆಡ್ಡಿಗೆ ಬರುವ ಫೋನುಗಳ ಮಾತು ಒಂದೇ. "ಕಾಕಾ, ಗಾಡಿ ಜಗ್ಗವಲ್ದರಿ. ಕ್ಲಚ್ ಹ್ವಾದಂಗ ಆಗೇತಿ. ಯಾವತ್ತ ಬಿಚ್ಚೂಣು?" ನಾನು ಪ್ರತಿ ಸಲವೂ ಕೇಳುವುದು, "ಮೊದಲ ಪೆಡಲ್ ಎಷ್ಟು ಸಡ್ಲ ಐತಿ ನೋಡಿಯೇನಪಾ?" ಬಿಚ್ಚಲೆಂದು ತಂದ ಎಷ್ಟೋ ಗಾಡಿಗಳು ಎರಡು ಪಾನಾ, ಅರ್ಧ ತಾಸಿನ ಕೆಲಸದಲ್ಲಿ ಮನೆಗೆ ಮರಳಿವೆ. ಅದಕ್ಕೇ ಈ ಬರಹ. ಮೊದಲು ದುಡ್ಡು ಖರ್ಚಾಗದ ತಪಾಸಣೆಗಳು, ಆಮೇಲೆ ಕಷ್ಟದವು, ಬಿಚ್ಚುವುದು ಕಟ್ಟಕಡೆಗೆ.

ಲಾರಿಗಿರುವಂತೆ ಟ್ರ್ಯಾಕ್ಟರ್‌ಗೆ ಕೆಳಗೊಂದು ಚಾಸಿ ಇರುವುದಿಲ್ಲ. ಎಂಜಿನ್, ಕ್ಲಚ್ ಹೌಸಿಂಗ್, ಗೇರ್ ಬಾಕ್ಸ್, ಹಿಂದಿನ ಹೌಸಿಂಗ್ ಇವೇ ಒಂದಕ್ಕೊಂದು ಬೋಲ್ಟ್ ಆಗಿ ಗಾಡಿಯ ಬೆನ್ನೆಲುಬಾಗಿರುತ್ತವೆ. ಕ್ಲಚ್ ಮುಟ್ಟಬೇಕೆಂದರೆ ಆ ಬೆನ್ನೆಲುಬನ್ನೇ ನಡುವೆ ಬಿಡಿಸಬೇಕು. ಮಹೀಂದ್ರಾ 575 ಇರಲಿ, ಮ್ಯಾಸಿ 1035 ಇರಲಿ, ಎಚ್‌ಎಂಟಿ 5911 ಇರಲಿ, ಈ ಮಾತು ಎಲ್ಲಕ್ಕೂ ಒಂದೇ. 40–45 ಎಚ್‌ಪಿ ಗಾಡಿಯ ತೂಕ 1,800ರಿಂದ 2,000 ಕೆಜಿಯ ಆಸುಪಾಸು. ಬೋಲ್ಟ್ ಬಿಚ್ಚಿದ ಕ್ಷಣದಿಂದ ಅರ್ಧ ಟನ್ನಿಗೂ ಮಿಕ್ಕಿದ ಎಂಜಿನ್ ಭಾಗವನ್ನು ನಾವು ಇಟ್ಟ ಜಾಕು, ನಾವು ಹೊಡೆದ ಬೆಣೆ ಮಾತ್ರ ಹಿಡಿದಿರುತ್ತವೆ.

ಎಂಜಿನ್ ಏರುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ

ಲೋಡ್ ಬಿದ್ದಾಗ ಎಂಜಿನ್ ಸದ್ದನ್ನು ಕಿವಿಗೊಟ್ಟು ಕೇಳಿ. ಸದ್ದು ಏರುತ್ತ ಹೋಗಿ ಗಾಡಿ ನಿಧಾನವಾದರೆ ಕ್ಲಚ್ ಜಾರುತ್ತಿದೆ. ಸದ್ದು ಇಳಿಯುತ್ತ ಹೋಗಿ ಗಾಡಿ ನಿಧಾನವಾದರೆ ಕ್ಲಚ್‌ನ ತಪ್ಪಲ್ಲ, ಎಂಜಿನ್‌ಗೇ ಶಕ್ತಿ ಸಾಲುತ್ತಿಲ್ಲ. ಆಗ ಏರ್ ಕ್ಲೀನರ್ ತಳದ ಎಣ್ಣೆ ಕೆಸರಾಗಿದೆಯೇ, ಡೀಸೆಲ್ ಫಿಲ್ಟರ್ ಕಟ್ಟಿದೆಯೇ, ಬ್ರೇಕ್ ಹಿಡಿದುಕೊಂಡು ಹಿಂದಿನ ಡ್ರಮ್ ಬಿಸಿಯಾಗುತ್ತಿದೆಯೇ ಎಂದು ನೋಡಿ. ಈ ಒಂದು ಭೇದ ತಿಳಿಯದೆ ಹೊಸ ಕ್ಲಚ್ ಪ್ಲೇಟ್ (ಎಂಜಿನ್ ತಿರುಗುವುದನ್ನು ಗೇರ್ ಬಾಕ್ಸ್‌ಗೆ ದಾಟಿಸುವ ತಟ್ಟೆ) ಹಾಕಿಸಿ, ಮರುದಿನ ಮತ್ತೆ ಅದೇ ದೂರು ಹೊತ್ತು ಬಂದವರಿದ್ದಾರೆ.

ಕ್ಲಚ್ಚೇ ಜಾರುತ್ತಿದೆ ಎಂದು ಗೊತ್ತಾದ ಮೇಲೂ ಪಾನಾ ಹಿಡಿದು ನಡುವಿಗೆ ಹೋಗಬೇಡಿ. ಪೆಡಲ್ ಅನ್ನು ಕೈಯಿಂದ ಒತ್ತಿ ನೋಡಿ. ಮೊದಲು ಸ್ವಲ್ಪ ದೂರ ಸಡಿಲಾಗಿ ಹೋಗಿ ಆಮೇಲೆ ಗಟ್ಟಿ ಹತ್ತಬೇಕು. ಬಹಳಷ್ಟು ಹಳೆ ಗಾಡಿಗಳಲ್ಲಿ ಈ ಸಡಿಲು 20ರಿಂದ 30 ಮಿ.ಮೀ. ಇರುತ್ತದೆ, ನಿಮ್ಮ ಗಾಡಿಯ ಪುಸ್ತಕದಲ್ಲಿ ಬರೆದ ಅಳತೆಯೇ ಖಾತ್ರಿ. ಪ್ಲೇಟ್ ಸವೆದಂತೆಲ್ಲ ಫಿಂಗರ್‌ಗಳು (ಕ್ಲಚ್ ಬಿಡಿಸುವ ಸಣ್ಣ ಸನ್ನೆಗಳು) ತಮ್ಮನ್ನು ಒತ್ತುವ ರಿಲೀಸ್ ಬೇರಿಂಗ್ ಕಡೆಗೆ ಸರಿದು ಈ ಸಡಿಲು ಕಡಿಮೆಯಾಗುತ್ತ ಬರುತ್ತದೆ. ಪೂರ್ತಿ ಇಲ್ಲವಾದಾಗ ನಾವು ಕಾಲಿಡದಿದ್ದರೂ ಬೇರಿಂಗ್ ಫಿಂಗರ್‌ಗಳನ್ನು ಒತ್ತಿಕೊಂಡೇ ಇರುತ್ತದೆ, ಪ್ಲೇಟ್‌ನಲ್ಲಿ ಇನ್ನೂ ಜೀವ ಇದ್ದರೂ ಜಾರತೊಡಗುತ್ತದೆ. ಪೆಡಲ್‌ನಿಂದ ಕ್ಲಚ್‌ಗೆ ಹೋಗುವ ರಾಡ್‌ನ ಲಾಕ್ ನಟ್ ಸಡಿಲಿಸಿ ಅಳತೆಗೆ ತಂದು ಮತ್ತೆ ಬಿಗಿ ಮಾಡಿ. ಫುಟ್‌ಬೋರ್ಡ್ ಕೆಳಗೆ ಎರೆ ಮಣ್ಣು ಒಣಗಿ ಕಲ್ಲಾಗಿ ಪೆಡಲ್ ಪೂರ್ತಿ ಮೇಲೆ ಬಾರದಂತೆ ತಡೆದಿರುವುದೂ ಉಂಟು. ಹಾರೆ ತುದಿಯಿಂದ ಕೆದರಿ ತೆಗೆದರೆ ಸಾಕು.

ಸಡಿಲು ಸರಿ ಇದ್ದೂ ಜಾರುತ್ತದೆಯೇ? ಆಗ ಒಂದು ಪರೀಕ್ಷೆ. ಟ್ರೇಲರ್ ಬಿಚ್ಚಿ, ಸಪಾಟು ಬಯಲಲ್ಲಿ ನಿಲ್ಲಿಸಿ. ಮುಂದೆ ಹಿಂದೆ ಒಂದು ನಾಯಿಯೂ ಇರಬಾರದು. ಎರಡೂ ಬ್ರೇಕ್ ಪೆಡಲ್‌ಗಳನ್ನು ಕೂಡಿಸಿ ಲಾಕ್ ಮಾಡಿ ಗಟ್ಟಿಯಾಗಿ ಒತ್ತಿ, ದೊಡ್ಡ ಗೇರ್ ಹಾಕಿ, ಎಂಜಿನ್ ಸಾಧಾರಣ ವೇಗದಲ್ಲಿಟ್ಟು ಕ್ಲಚ್ ಮೆಲ್ಲಗೆ ಬಿಡಿ. ಎಂಜಿನ್ ದಡಕ್ಕನೆ ಬಂದ್ ಬಿದ್ದರೆ ಕ್ಲಚ್ ಹಿಡಿಯುತ್ತಿದೆ. ಗಾಡಿ ಅಲುಗಾಡದೆ ಎಂಜಿನ್ ಓಡುತ್ತಲೇ ಇದ್ದರೆ ಪ್ಲೇಟ್ ಮುಗಿದಿದೆ ಅಥವಾ ಅದಕ್ಕೆ ಎಣ್ಣೆ ತಗಲಿದೆ. ಒಂದೇ ಸಲ ಮಾಡಿ. ಮತ್ತೆ ಮತ್ತೆ ಮಾಡಿದರೆ ಒಳಗಿನ ಬಿಸಿಗೆ ಫ್ಲೈವ್ಹೀಲ್ (ಪ್ಲೇಟ್ ಒತ್ತಿ ಕೂರುವ, ಎಂಜಿನ್ ಹಿಂಬದಿಯ ಭಾರದ ಚಕ್ರ) ನೀಲಿಯಾಗುತ್ತದೆ.

ನಮ್ಮ ಕಡೆ ಕ್ಲಚ್ ತಿನ್ನುವುದು ಹೊಲಕ್ಕಿಂತ ಕಾರ್ಖಾನೆಯ ಸಾಲು ಹೆಚ್ಚು. ಎರಡು ಟ್ರೇಲರ್ ಕಬ್ಬು ಹಿಂದಿಟ್ಟುಕೊಂಡು, ರಾತ್ರಿಯಿಡೀ ಹತ್ತಡಿ ಹತ್ತಡಿ ಸರಿಯುತ್ತ, ಗೇರ್‌ನಲ್ಲೇ ಇಟ್ಟು ಪೆಡಲ್ ಅರ್ಧ ಒತ್ತಿ ಕೂರುವ ಡ್ರೈವರ್ ಹುಡುಗರನ್ನು ನೋಡಿದ್ದೇನೆ. ನಿದ್ದೆಗೆಟ್ಟ ಹುಡುಗರು, ಅವರನ್ನು ಬೈಯಲು ಮನಸ್ಸು ಬಾರದು. ಆದರೆ ಗಾಡಿಯ ಮಾಲಕರು ಅವರಿಗೆ ಇಷ್ಟು ಹೇಳಲೇಬೇಕು: "ತಮ್ಮಾ, ನಿಂತಾಗ ನ್ಯೂಟ್ರಲ್ ಮಾಡು, ಕಾಲು ತಗಿ."

ಗೇರ್ ಬೀಳುವಾಗ ಕರಕರ ಅನ್ನುತ್ತದೆ

ಎಂಜಿನ್ ಬಂದ್ ಮಾಡಿ ಎಲ್ಲ ಗೇರ್ ಹಾಕಿ ನೋಡಿ. ಆಗ ಸಲೀಸಾಗಿ ಬಿದ್ದರೆ ಗೇರ್ ಬಾಕ್ಸ್ ಮೇಲೆ ಅನುಮಾನ ಬೇಡ, ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಇಲ್ಲಿ ತೊಂದರೆ ಮೇಲಿನದರ ಉಲ್ಟಾ, ಪೆಡಲ್ ಸಡಿಲು ಅತಿಯಾಗಿರುತ್ತದೆ. ಲಿಂಕ್‌ನ ಪಿನ್ನುಗಳು ಸವೆದು ತೂತುಗಳು ಮೊಟ್ಟೆಯಾಕಾರ ಆಗಿದ್ದರೆ ಕಾಲು ಒತ್ತಿದ್ದೆಲ್ಲ ಅಲ್ಲೇ ಕರಗುತ್ತದೆ. ಒಬ್ಬರು ಪೆಡಲ್ ಒತ್ತಲಿ, ಇನ್ನೊಬ್ಬರು ಬಗ್ಗಿ ನೋಡಲಿ. ಪೆಡಲ್ ಅರ್ಧ ಬಂದರೂ ಒಳಗಿನ ಬೇರಿಂಗ್ ತಳ್ಳುವ ಫೋರ್ಕ್ ಶಾಫ್ಟ್ ಅಲುಗದಿದ್ದರೆ ರೋಗ ಹೊರಗೇ ಇದೆ. ಹೊಸ ಪಿನ್ ಹಾಕಿ, ಗ್ರೀಸ್ ಕೊಡಿ.

ಹೊರಗೆ ಎಲ್ಲ ಸರಿ ಇದ್ದರೆ, ಪೆಡಲ್ ಪೂರ್ತಿ ಒತ್ತಿ ಐದಾರು ಸೆಕೆಂಡ್ ತಡೆದು ಗೇರ್ ಹಾಕಿ. ಆಗ ಸದ್ದಿಲ್ಲದೆ ಬಿದ್ದರೆ ಸೆಟ್ಟಿಂಗ್ ಇನ್ನೂ ಸ್ವಲ್ಪ ತರಬೇಕು. ತಡೆದರೂ ಕರಕರ ಅಂದರೆ ಪ್ಲೇಟ್ ಡೊಂಕಾಗಿರಬಹುದು, ಫಿಂಗರ್‌ಗಳು ಏರುಪೇರಾಗಿರಬಹುದು, ಫ್ಲೈವ್ಹೀಲ್ ನಡುವಿನ ಪೈಲಟ್ ಬೇರಿಂಗ್ ಜಾಮ್ ಆಗಿ ಶಾಫ್ಟ್ ಅನ್ನು ತನ್ನ ಜೊತೆ ತಿರುಗಿಸುತ್ತಿರಬಹುದು. ಮೂರಕ್ಕೂ ನಡು ಬಿಚ್ಚದೆ ದಾರಿಯಿಲ್ಲ.

ಮಳೆಗಾಲದಲ್ಲಿ ಮೂರು ತಿಂಗಳು ಅಂಗಳದಲ್ಲಿ ನಿಂತ ಗಾಡಿಯ ಮಾತು ಬೇರೆ. ತೇವಕ್ಕೆ ತುಕ್ಕು ಹಿಡಿದು ಪ್ಲೇಟ್ ಫ್ಲೈವ್ಹೀಲ್‌ಗೆ ಅಂಟಿರುತ್ತದೆ. ಪೆಡಲ್ ಒತ್ತಿದರೂ ಗಾಡಿ ಹೊರಟುಬಿಡುತ್ತದೆ. ಇಂಥ ಗಾಡಿಯನ್ನು ಬಿಡಿಸುವುದು ಅನುಭವಿ ಮಿಸ್ತ್ರಿಯ ಕೆಲಸ, ಅದೂ ಬಯಲು ಹೊಲದಲ್ಲಿ. ಒಂದು ಮಾತ್ರ ಎಂದೂ ಮಾಡಬೇಡಿ: ಕೆಳಗೆ ನಿಂತು ಸ್ಕ್ರೂ ಡ್ರೈವರ್‌ನಿಂದ ಸೆಲ್ಫ್ ಮೋಟರ್‌ನ (ಎಂಜಿನ್ ಚಾಲೂ ಮಾಡುವ ಸ್ಟಾರ್ಟರ್) ಎರಡು ಟರ್ಮಿನಲ್ ಕೂಡಿಸಿ ಚಾಲೂ ಮಾಡುವುದು. ಗೇರ್‌ನಲ್ಲಿದ್ದರೆ ಗಾಡಿ ತಟ್ಟನೆ ಮುಂದೆ ಬರುತ್ತದೆ, ನಿಂತವನು ಹಿಂದಿನ ಗಾಲಿಯ ದಾರಿಯಲ್ಲೇ ಇರುತ್ತಾನೆ. ಬಹಳ ದಿನ ನಿಲ್ಲಿಸುವುದಿದ್ದರೆ ಪೆಡಲ್ ಒತ್ತಿ ಒಂದು ಕಟ್ಟಿಗೆ ತುಂಡು ಕೊಟ್ಟು ಕಟ್ಟಿಬಿಡಿ, ಅಂಟುವ ಮಾತೇ ಬರುವುದಿಲ್ಲ.

ಪೆಡಲ್ ಮೇಲೆ ಕಾಲಿಟ್ಟರೆ ಸದ್ದು, ತೆಗೆದರೆ ಇಲ್ಲ

ಕಾಲು ಸುಮ್ಮನೆ ತಾಗಿಸಿದಾಗಲೇ ಗುಂಯ್ ಎಂದು ಶುರುವಾದರೆ ರಿಲೀಸ್ ಬೇರಿಂಗ್. ಗೇರ್ ಹಾಕಿ, ಪೆಡಲ್ ಪೂರ್ತಿ ಒತ್ತಿ ಹಿಡಿದಾಗ ಮಾತ್ರ ಬಂದರೆ ಪೈಲಟ್ ಬೇರಿಂಗ್. ಇವೆರಡರ ಉಲ್ಟಾ, ಅಂದರೆ ನ್ಯೂಟ್ರಲ್‌ನಲ್ಲಿ ಕಾಲು ತೆಗೆದಾಗ ಸದ್ದು ಇದ್ದು ಒತ್ತಿದಾಗ ನಿಂತರೆ ಅದು ಗೇರ್ ಬಾಕ್ಸ್‌ನ ಟಾಪ್ ಶಾಫ್ಟ್ (ಪ್ಲೇಟ್‌ನಿಂದ ಒಳಗೆ ಹೋಗುವ ಶಾಫ್ಟ್) ಬೇರಿಂಗ್, ಅದಕ್ಕೆ ಗೇರ್ ಬಾಕ್ಸ್‌ನೊಳಗೆ ಇಳಿಯಬೇಕು. ರಿಲೀಸ್ ಬೇರಿಂಗ್‌ಗೆ ಗ್ರೀಸ್ ನಿಪ್ಪಲ್ ಇರುವ ಗಾಡಿಯಾದರೆ ಎರಡೇ ಪಂಪ್ ಹೊಡೆದು ನೋಡಿ. ಹತ್ತು ಪಂಪ್ ಹೊಡೆದರೆ ಗ್ರೀಸ್ ಹಾರಿ ಪ್ಲೇಟ್ ಸೇರುತ್ತದೆ, ಸದ್ದಿನ ರೋಗ ಜಾರುವ ರೋಗವಾಗುತ್ತದೆ. ಸಣ್ಣ ಸದ್ದಿದ್ದರೆ ಹಂಗಾಮು ಮುಗಿಯುವವರೆಗೆ ತಳ್ಳಬಹುದು. ಸದ್ದು ಕಿರುಚಾಟಕ್ಕೆ ತಿರುಗಿ ಪೆಡಲ್‌ನಲ್ಲಿ ಕಾಲಿಗೆ ನಡುಕ ಹತ್ತಿದರೆ ಗಾಡಿ ಅಲ್ಲೇ ನಿಲ್ಲಿಸಿ. ಒಡೆದ ಬೇರಿಂಗ್ ಫಿಂಗರ್‌ಗಳನ್ನೂ ಕೊರೆದು ಹಾಕುತ್ತದೆ.

ಕ್ಲಚ್ ಹೌಸಿಂಗ್ ಕೆಳಗೆ ಎಣ್ಣೆ ಹನಿ

ಹೌಸಿಂಗ್‌ನ ತಳದಲ್ಲಿ ಒಂದು ಸಣ್ಣ ತೂತು, ಅದರಲ್ಲಿ ಸಡಿಲಾಗಿ ಜೋತುಬಿದ್ದ ಒಂದು ಕಾಟರ್ ಪಿನ್ ಇರುತ್ತದೆ. ಅದು ಉಪಯೋಗವಿಲ್ಲದ ಪಿನ್ ಎಂದು ಕಿತ್ತೆಸೆದವರನ್ನು ಕಂಡಿದ್ದೇನೆ. ಗಾಡಿ ಅಲುಗಿದಾಗ ಪಿನ್ನೂ ಅಲುಗಿ ತೂತು ಕಟ್ಟದಂತೆ ನೋಡಿಕೊಳ್ಳುತ್ತದೆ. ತೂತು ಮಣ್ಣಿನಿಂದ ಮುಚ್ಚಿದರೆ ಸೋರಿದ ಎಣ್ಣೆ ಹೊರಗೆ ಕಾಣದೆ ಒಳಗೇ ನಿಂತು ಪ್ಲೇಟ್ ತೋಯಿಸುತ್ತದೆ. ಮೊದಲು ಪಿನ್ ಹಿಡಿದು ಆಡಿಸಿ.

ಬಿದ್ದ ಹನಿಯನ್ನು ಬೆರಳಿಗೆ ತೆಗೆದುಕೊಳ್ಳಿ. ಕಪ್ಪಗೆ ತೆಳ್ಳಗಿದ್ದರೆ ಎಂಜಿನ್ ಎಣ್ಣೆ. ದಪ್ಪಗೆ, ಹಳದಿ ಕಂದಾಗಿ, ಮೂಗಿಗೆ ಘಾಟು ಬಂದರೆ ಗೇರ್ ಎಣ್ಣೆ. ಎಂಜಿನ್ ಎಣ್ಣೆ ಎಂದಾಕ್ಷಣ ಕ್ರ್ಯಾಂಕಿನ ಹಿಂದಿನ ಸೀಲ್ ಹೋಯಿತು ಎಂದು ತೀರ್ಮಾನಿಸಬೇಡಿ. ಟ್ಯಾಪೆಟ್ ಕವರ್ ಪ್ಯಾಕಿಂಗ್‌ನಿಂದ, ಆಯಿಲ್ ಪ್ರೆಶರ್ ಸ್ವಿಚ್‌ನಿಂದ ಸೋರಿದ್ದೂ ಎಂಜಿನ್‌ನ ಬೆನ್ನಿಗುಂಟ ಇಳಿದು ಅಲ್ಲೇ ಬಂದು ಹನಿಯುತ್ತದೆ. ಎಂಜಿನ್ ಹಿಂಭಾಗವನ್ನು ಡೀಸೆಲ್ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಸೀಮೆಸುಣ್ಣದ ಪುಡಿ ಎರಚಿ, ಅರ್ಧ ತಾಸು ಓಡಿಸಿ ಬಂದ್ ಮಾಡಿ. ಬಿಳಿ ಪುಡಿಯ ಮೇಲೆ ಎಣ್ಣೆಯ ಗೆರೆ ಎಲ್ಲಿಂದ ಶುರುವಾಗಿದೆ ಎಂದು ಕಣ್ಣಿಗೇ ಕಾಣುತ್ತದೆ.

ಬ್ರೀದರ್ ಪೈಪನ್ನೂ ಬಿಚ್ಚಿ ಊದಿ ನೋಡಿ. ಅದು ಕಟ್ಟಿದರೆ ಎಂಜಿನ್ ಒಳಗಿನ ಗಾಳಿಗೆ ಹೊರಹೋಗಲು ದಾರಿಯಿಲ್ಲದೆ ಚೆನ್ನಾಗಿರುವ ಸೀಲ್‌ನಿಂದಲೂ ಎಣ್ಣೆ ತಳ್ಳುತ್ತದೆ. ಬ್ರೀದರ್ ಸ್ವಚ್ಛವಿದ್ದೂ ಅದರಿಂದ ಬುಸುಬುಸು ಹೊಗೆ ಬರುತ್ತಿದ್ದರೆ ಪಿಸ್ಟನ್ ರಿಂಗ್ ಸವೆದಿವೆ, ಸೀಲ್ ಬದಲಿಸಿ ಫಲವಿಲ್ಲ. ಗೇರ್ ಎಣ್ಣೆಯಾದರೆ ಮಟ್ಟ ನೋಡಿ, ಹೆಚ್ಚು ತುಂಬಿದ್ದರೂ ಟಾಪ್ ಶಾಫ್ಟ್ ಸೀಲ್ ದಾಟಿ ಬರುತ್ತದೆ.

ಸೆಲ್ಫ್ ಹೊಡೆದರೆ ಕಿರ್ರ್ ಎಂದು ತಿರುಗಿ ಬಿಡುತ್ತದೆ

ಬ್ಯಾಟರಿ, ಟರ್ಮಿನಲ್, ಸೆಲ್ಫ್ ಮೋಟರ್‌ನ ಪಿನಿಯನ್ (ತುದಿಯ ಸಣ್ಣ ಹಲ್ಲಿನ ಗಾಲಿ) ಇವು ಮೊದಲು. ಮೂರೂ ಸರಿ ಇದ್ದು, ಕೆಲವೊಮ್ಮೆ ಚಾಲೂ ಆಗಿ ಕೆಲವೊಮ್ಮೆ ಕಿರ್ರ್ ಅಂದರೆ ಫ್ಲೈವ್ಹೀಲ್‌ನ ರಿಂಗ್ ಗೇರ್ ಹಲ್ಲು ತಿಂದಿವೆ. ನಾಲ್ಕು ಸಿಲಿಂಡರ್ ಎಂಜಿನ್ ಬಂದ್ ಆಗುವಾಗ ಹೆಚ್ಚಾಗಿ ಎರಡೇ ಜಾಗದಲ್ಲಿ, ಮೂರು ಸಿಲಿಂಡರ್‌ದು ಮೂರು ಜಾಗದಲ್ಲಿ ನಿಲ್ಲುತ್ತದೆ. ಪಿನಿಯನ್ ಪ್ರತಿ ಸಲ ಬಡಿಯುವುದು ಆ ಹಲ್ಲುಗಳಿಗೇ. ಬ್ಯಾಟರಿ ವೈರ್ ತೆಗೆದು ಮೋಟರ್ ಬಿಚ್ಚಿ, ಎಂಜಿನ್ ಕೈಯಿಂದ ತಿರುಗಿಸುತ್ತ ಟಾರ್ಚ್ ಬಿಟ್ಟು ಹಲ್ಲು ನೋಡಿ. ತುರ್ತಿಲ್ಲದಿದ್ದರೆ ಮುಂದೆ ಕ್ಲಚ್‌ಗೆ ಬಿಚ್ಚಿದಾಗ ರಿಂಗ್ ತಿರುಗಿಸಿ ಹಾಕಬಹುದು.

ಬಿಚ್ಚಲೇಬೇಕು ಎಂದಾದ ಮೇಲೆ

ಮೊದಲು ನೆಲ ನೋಡಿ. ಎರೆ ಹೊಲದಲ್ಲಿ ಈ ಕೆಲಸ ಬೇಡವೇ ಬೇಡ. ಒಣಗಿದಾಗ ಕಲ್ಲಿನಂತಿರುವ ಎರೆ ಮಣ್ಣು ಒಂದು ಮಳೆಗೆ ಬೆಣ್ಣೆಯಾಗಿ ಜಾಕ್ ನುಂಗುತ್ತದೆ. ಶಹಾಬಾದ್ ಫರಸಿ ಹಾಸಿದ ಪಡಸಾಲೆಯೂ ಬೇಡ, ಜಾಕಿನ ಭಾರ ಒಂದೇ ಬಿಂದುವಿಗೆ ಬಿದ್ದಾಗ ಫರಸಿ ಟಪ್ಪನೆ ಸೀಳುತ್ತದೆ. ದಪ್ಪ ಕಾಂಕ್ರೀಟ್ ಇರುವ ಸಪಾಟು ಶೆಡ್ ಬೇಕು. ಇಟ್ಟಿಗೆ, ಸಿಮೆಂಟ್ ಬ್ಲಾಕ್, ಗುಂಡು ಕಲ್ಲು ಆಸರೆಗೆ ನಿಷಿದ್ಧ. ಜಾಲಿ ದಿಮ್ಮಿ ಅಥವಾ ಕಬ್ಬಿಣದ ಸ್ಟ್ಯಾಂಡ್ ಆಗಬೇಕು. ಬೇವಿನ ಗಿಡದ ಟೊಂಗೆಗೆ ಚೈನ್ ಪುಲ್ಲಿ ಕಟ್ಟುವ ರೂಢಿಯನ್ನು ದಯವಿಟ್ಟು ಬಿಡಿ.

ಎರಡನೆಯದು ಬೆಣೆ. ಇದನ್ನು ಬಿಡಿಸಿ ಹೇಳುತ್ತೇನೆ. ಮುಂದಿನ ಆಕ್ಸಲ್ ಎಂಜಿನ್‌ಗೆ ಗಟ್ಟಿಯಾಗಿ ಕೂತಿರುವುದಿಲ್ಲ, ನಡುವಿನ ಒಂದು ಪಿನ್ ಮೇಲೆ ತಕ್ಕಡಿಯಂತೆ ಎಡಬಲ ಆಡುತ್ತದೆ. ತಗ್ಗು ದಿನ್ನೆಯಲ್ಲಿ ನಾಲ್ಕೂ ಗಾಲಿ ನೆಲ ಹಿಡಿಯಲಿ ಎಂದು ಹಾಗೆ ಮಾಡಿರುತ್ತಾರೆ. ಗಾಡಿ ಕೂಡಿದ್ದಾಗ ಎಂಜಿನ್ ಅನ್ನು ನೆಟ್ಟಗೆ ಹಿಡಿದಿರುವುದು ಹಿಂದಿನ ಭಾಗ. ನಡು ಬಿಚ್ಚಿದ ಮೇಲೆ ಆ ಹಿಡಿತ ಹೋಗಿ ಎಂಜಿನ್ ಒಂದು ಪಿನ್, ಒಂದು ಜಾಕ್ ಮೇಲೆ ನಿಲ್ಲುತ್ತದೆ. ಅದಕ್ಕೆ ಆಕ್ಸಲ್‌ಗೂ ಅದರ ಮೇಲಿನ ಬ್ರಾಕೆಟ್‌ಗೂ ನಡುವೆ ಎಡಕ್ಕೊಂದು ಬಲಕ್ಕೊಂದು ಗಟ್ಟಿ ಕಟ್ಟಿಗೆಯ ಬೆಣೆ ಹೊಡೆದು, ಉದುರದಂತೆ ತಂತಿ ಬಿಗಿಯಬೇಕು. ಒಂದೂ ಬೋಲ್ಟ್ ಸಡಿಲಿಸುವ ಮುಂಚೆಯೇ.

ವಯಸ್ಸಿನ ಹುರುಪಿನಲ್ಲಿ ನಾನು ಒಮ್ಮೆ ಎಡಕ್ಕೆ ಮಾತ್ರ ಬೆಣೆ ಹೊಡೆದು, ಬಲಗಡೆಯದನ್ನು "ಆಮ್ಯಾಲ ಹೊಡದ್ರಾತು" ಎಂದು ಪೆಟ್ಟಿಗೆಯ ಮೇಲಿಟ್ಟಿದ್ದೆ. ಅಕ್ಕನ ಮಗ ಬಲಗಡೆ ಕೂತು ಡೀಸೆಲ್ ಪೈಪ್ ಹಿಡಿದಿದ್ದ. "ಮಾಮಾ, ಹತ್ತೊಂಬತ್ತರ ಪಾನಾ ಎಲ್ಲೈತಿ?" ಎಂದು ಎದ್ದು ಎರಡು ಹೆಜ್ಜೆ ಇಟ್ಟ. ಎಂಜಿನ್ ದೊಡ್ಡ ಎಮ್ಮೆ ಮಗ್ಗಲು ಹೊರಳಿದಂತೆ, ಅವಸರವೇ ಇಲ್ಲದೆ, ಬಲಕ್ಕೆ ವಾಲಿತು. ಜಾಕ್ ಅಡ್ಡ ಬಿದ್ದು ಗೋಡೆಗೆ ಬಡಿಯಿತು. ಅವನು ಕೂತಿದ್ದ ಗೋಣಿ ಚೀಲದ ಮೇಲೆ ಒಡೆದ ಫಿಲ್ಟರ್‌ನ ಡೀಸೆಲ್ ಹರಿಯುತ್ತಿತ್ತು. ಆ ಬೆಣೆ ಪೆಟ್ಟಿಗೆಯ ಮೇಲೆ ಇಟ್ಟಲ್ಲೇ ಇತ್ತು. ಅವನೀಗ ಎರಡು ಮಕ್ಕಳ ತಂದೆ. ಮಕ್ಕಳು ಶೆಡ್ಡಿಗೆ ಬಂದಾಗಲೆಲ್ಲ ನನಗೆ ಆ ಗೋಣಿ ಚೀಲ ನೆನಪಾಗುತ್ತದೆ.

ಬೆಣೆ ಆದ ಮೇಲೆ ಹಿಂದಿನ ಗಾಲಿಗಳಿಗೆ ಎರಡೂ ಕಡೆ ಅಡೆ ಕೊಟ್ಟು ಹ್ಯಾಂಡ್ ಬ್ರೇಕ್ ಹಾಕಿ. ರೋಟವೇಟರ್, ನೇಗಿಲು ಏನಿದ್ದರೂ ಕಳಚಿ, ಲಿಫ್ಟ್ ಕೆಳಗಿಳಿಸಿ. ಮುಂದಿನ ಬಂಪರ್ ತೂಕದ ಕಲ್ಲುಗಳಿದ್ದರೆ ತೆಗೆಯಿರಿ, ಇಲ್ಲದಿದ್ದರೆ ಮುಂಭಾಗ ಮೂಗು ಮುಗ್ಗರಿಸುತ್ತದೆ. ಬ್ಯಾಟರಿಯ ಮೈನಸ್ ವೈರ್ ಮೊದಲು. ಆಮೇಲೆ ಬಾನೆಟ್, ಸೈಲೆನ್ಸರ್, ಡೀಸೆಲ್ ಪೈಪುಗಳು, ವೈರಿಂಗ್, ಎಕ್ಸಲರೇಟರ್ ರಾಡ್, ಸೆಲ್ಫ್ ಮೋಟರ್. ಪ್ರತಿ ವೈರ್ ಬಿಚ್ಚುವ ಮುನ್ನ ಮೊಬೈಲ್‌ನಲ್ಲಿ ಒಂದು ಫೋಟೊ. ಸ್ಟೇರಿಂಗ್ ಲಿಂಕ್ ಕಳಚಿದ ಮೇಲೆ ಮುಂದಿನ ಗಾಲಿಗಳು ಬೇಕಾದ ಕಡೆ ತಿರುಗುತ್ತವೆ, ನೆಟ್ಟಗೆ ನಿಲ್ಲಿಸಿ ಕಟ್ಟಿ.

ಗೇರ್ ಬಾಕ್ಸ್ ಕೆಳಗೆ ಸ್ಟ್ಯಾಂಡ್, ಎಂಜಿನ್ ಹಿಂಭಾಗದ ಕೆಳಗೆ ಗಾಲಿಯ ಜಾಕ್, ನಡುವೆ ದಪ್ಪ ಹಲಗೆ. ಎಂಜಿನ್ ತಳದ ಎಣ್ಣೆ ಚೇಂಬರ್ ಎರಕದ್ದಿದ್ದರೆ ಭಾರ ತಡೆಯುತ್ತದೆ. ತಗಡಿನ ಚೇಂಬರ್‌ಗೆ ಜಾಕ್ ಕೊಡಬೇಡಿ. ಜಾಕ್ ಎತ್ತಲು ಅಲ್ಲ, ಭಾರ ಹೊರಲು ಮಾತ್ರ ತಾಗಿರಲಿ. ಬೋಲ್ಟ್ ತೆಗೆಯುವಾಗ ಎರಡು ಬದಿಯಲ್ಲಿ ಒಂದೊಂದು ಬೋಲ್ಟಿನ ಜಾಗಕ್ಕೆ ತಲೆ ಕತ್ತರಿಸಿದ ಒಂದು ಗೇಣಿನ ಸ್ಟಡ್ ಹಾಕಿ. ಎಂಜಿನ್ ಭಾಗ ಆ ಎರಡರ ಮೇಲೆ ಹಳಿಯ ಮೇಲಿನ ಬಂಡಿಯಂತೆ ನೇರವಾಗಿ ಸರಿಯುತ್ತದೆ.

ಬೋಲ್ಟ್ ಎಲ್ಲ ತೆಗೆದರೂ ಬಿಡುತ್ತಿಲ್ಲ

ಎಲ್ಲ ತೆಗೆದಿಲ್ಲ ಎಂದೇ ಅರ್ಥ. ಬ್ಯಾಟರಿ ತಟ್ಟೆಯ ಕೆಳಗೆ, ಮಣ್ಣು ಮೆತ್ತಿದ ತಳದಲ್ಲಿ ಒಂದು ಉಳಿದಿರುತ್ತದೆ. ಎಣಿಸಿ. ನಿಜಕ್ಕೂ ಉಳಿದಿಲ್ಲವಾದರೆ ಎರಡು ಭಾಗಗಳನ್ನು ಹೊಂದಿಸಿ ಹಿಡಿಯುವ ಡೋವೆಲ್ ಪಿನ್ ತುಕ್ಕು ಹಿಡಿದಿದೆ ಅಥವಾ ಜಾಕ್ ಹೆಚ್ಚು ಎತ್ತಿ ಕೂಡುಭಾಗ ಬಿಗಿದಿದೆ. ಜಾಕ್ ಎಳೆಯಷ್ಟು ಏರಿಳಿಸಿ, ತುಕ್ಕಿಗೆ ಎಣ್ಣೆ ಬಿಟ್ಟು ಕಾಯಿರಿ. ಸಂದಿಗೆ ಹಾರೆ ತುರುಕಿ ಮೀಟಿದರೆ ಎರಕ ಬಿರುಕು ಬಿಡುತ್ತದೆ. ಬಿಟ್ಟ ಮೇಲೆ ಎರಡು ಅಡಿ ಸರಿದರೆ ಕೆಲಸಕ್ಕೆ ಸಾಕು. ಸರಿಸಿದ ಕೂಡಲೇ ಎಂಜಿನ್ ಕೆಳಗೂ ಸ್ಟ್ಯಾಂಡ್ ಕೊಡಿ. ಬರೀ ಜಾಕ್ ನಂಬಿ ನಡುವೆ ಕೂರಬೇಡಿ.

ಒಳಗಿನ ಪುಡಿಯನ್ನು ಕಂಪ್ರೆಸರ್‌ನಿಂದ ಊದಬೇಡಿ. ಹಳೆ ಪ್ಲೇಟ್‌ಗಳ ಲೈನಿಂಗ್‌ನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು, ಅದರ ಧೂಳು ಶ್ವಾಸಕೋಶಕ್ಕೆ ವಿಷ. ಮೂಗಿಗೆ ಒಳ್ಳೆ ಮಾಸ್ಕ್ ಹಾಕಿ ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬಿಸಾಡಿ. ಇಷ್ಟು ಕಷ್ಟಪಟ್ಟು ಬಿಚ್ಚಿದ ಮೇಲೆ ಪೈಲಟ್ ಬೇರಿಂಗ್, ರಿಲೀಸ್ ಬೇರಿಂಗ್, ಕ್ರ್ಯಾಂಕಿನ ಹಿಂದಿನ ಸೀಲ್ ಮೂರನ್ನೂ ಹೊಸದು ಹಾಕಿ. ಫ್ಲೈವ್ಹೀಲ್ ಮೇಲೆ ನೀಲಿ ಕಲೆ, ಕೂದಲೆಳೆ ಬಿರುಕು ಕಂಡರೆ ಲೇಥ್‌ಗೆ ಒಯ್ಯಬೇಕು. ಬೆಳಗಾವಿಯ ಉದ್ಯಮಬಾಗದಲ್ಲಿ ಇಂಥ ಕೆಲಸ ಬಲ್ಲ ಅಂಗಡಿಗಳಿವೆ. ಬಿರುಕು ಆಳವಿದ್ದರೆ ಫ್ಲೈವ್ಹೀಲ್ ಬದಲಿಸಿ, ಓಡುವಾಗ ಒಡೆದರೆ ಅದು ಗುಂಡಿಗೆ ಸಮ.

ಎರಡು ಬೆರಳಿನ ಸಂದು ಉಳಿದು ಕೂಡುತ್ತಿಲ್ಲ

ತಪ್ಪು ನಡೆಯುವುದು ಇಲ್ಲೇ ಹೆಚ್ಚು. ಸಂಜೆಯಾಗಿರುತ್ತದೆ, ಮಾಲಕರು ಬಾಗಿಲಲ್ಲಿ ನಿಂತಿರುತ್ತಾರೆ, ಬೋಲ್ಟ್ ಹಾಕಿ ಎಳೆದುಬಿಡೋಣ ಅನಿಸುತ್ತದೆ. ಎಳೆಯಬೇಡಿ. ಶಾಫ್ಟ್‌ನ ಹಲ್ಲು ಪ್ಲೇಟ್‌ನ ಹಲ್ಲಿಗೆ ಹೊಂದಿಲ್ಲ, ಅದಕ್ಕೇ ನಿಂತಿದೆ. ಬಲವಂತ ಮಾಡಿದರೆ ಹೊಸ ಪ್ಲೇಟಿನ ಹಬ್ ಬಾಗುತ್ತದೆ ಅಥವಾ ಹೌಸಿಂಗ್‌ನ ಕಿವಿ ಮುರಿಯುತ್ತದೆ. ಗೇರ್ ನ್ಯೂಟ್ರಲ್ ಮಾಡಿ, ಪಿಟಿಓ ಲೀವರ್ ಹಾಕಿ, ಪಿಟಿಓ ಶಾಫ್ಟ್ (ರೋಟವೇಟರ್‌ನಂಥವನ್ನು ತಿರುಗಿಸುವ ಹಿಂದಿನ ಶಾಫ್ಟ್) ತಿರುಗಿಸಿ ನೋಡಿ, ಅಥವಾ ಎಂಜಿನ್ ಅನ್ನು ಮುಂದಿನ ಪುಲ್ಲಿಯಿಂದ ಎಳೆಯಷ್ಟು ತಿರುಗಿಸಿ. ಸುತ್ತಲೂ ಸಂದು ಸಮ ಇದೆಯೇ ನೋಡಿ, ಮೇಲೆ ಹೆಚ್ಚು ಕೆಳಗೆ ಕಡಿಮೆ ಇದ್ದರೆ ಜಾಕ್ ಎತ್ತರ ತಪ್ಪಿದೆ. ಪ್ಲೇಟ್ ಕೂರಿಸುವಾಗಲೇ ಹಳೆಯ ಶಾಫ್ಟ್ ತುಂಡಿನಿಂದ ನಡು ಹೊಂದಿಸಿದ್ದರೆ ಈ ಪೇಚಾಟವೇ ಬಾರದು. ಹೊಂದಿದಾಗ ಇಬ್ಬರು ಕೈಯಿಂದ ತಳ್ಳಿದರೆ ಸರಕ್ಕನೆ ಕೂಡುತ್ತದೆ. ತೂತು ಸರಿ ಬಂದಿದೆಯೇ ಎಂದು ಬೆರಳು ಹಾಕಿ ನೋಡಬೇಡಿ, ಕಬ್ಬಿಣದ ಕಡ್ಡಿ ಹಾಕಿ. ಆ ಕ್ಷಣಕ್ಕೆ ಸರಿದರೆ ಕತ್ತರಿಯಂತೆ ಬೆರಳು ಹೋಗುತ್ತದೆ.

ಮೂರು ಸಲ ಪ್ರಯತ್ನಿಸಿಯೂ ಕೂಡದಿದ್ದರೆ ಸ್ಟ್ಯಾಂಡ್ ಮೇಲೆ ಹಾಗೇ ಬಿಟ್ಟು ಬಾಗಿಲು ಹಾಕಿ, ಬೆಳಿಗ್ಗೆ ಅನುಭವಿ ಮಿಸ್ತ್ರಿಯನ್ನು ಕರೆಯಿರಿ. ಎರಕದಲ್ಲಿ ಹೊಸ ಬಿರುಕು ಕಂಡರೆ, ಬೋಲ್ಟಿನ ಮರೆ (ಥ್ರೆಡ್) ಹೋಗಿದ್ದರೆ, ಒಬ್ಬರೇ ಇದ್ದರೆ, ಕತ್ತಲಾಗಿದ್ದರೆ ಆಗಲೂ ಅಷ್ಟೇ.

ಕೂಡಿದ ಮೇಲೆ ಬೋಲ್ಟ್‌ಗಳನ್ನು ಎದುರುಬದುರು ಬಿಗಿದು, ಪೆಡಲ್ ಸಡಿಲು ಅಳತೆಗೆ ತನ್ನಿ. ಒಂದೆರಡು ದಿನ ದುಡಿಸಿದ ಮೇಲೆ ಸಡಿಲು ಮತ್ತೆ ಅಳೆಯಿರಿ, ಹೊಸ ಪ್ಲೇಟ್ ಕೂರುವಾಗ ಅದು ಸ್ವಲ್ಪ ಬದಲಾಗುತ್ತದೆ. ಶೆಡ್ಡಿನಿಂದ ಗಾಡಿ ಹೊರಗೆ ತೆಗೆಯುವ ಮುನ್ನ ಎರಡೂ ಬೆಣೆ ಕಿತ್ತು ಕೈಯಲ್ಲಿ ಹಿಡಿದು ಎಣಿಸಿ. ಬೆಣೆ ಇದ್ದಂತೆಯೇ ಹೊಲಕ್ಕಿಳಿದರೆ ಆಕ್ಸಲ್ ಆಡದೆ, ಮೊದಲ ಬದುವಿನಲ್ಲೇ ಒಂದು ಗಾಲಿ ಗಾಳಿಗೆ ಏಳುತ್ತದೆ. ನಾನು ಬೆಣೆ ಹೊಡೆದ ದಿನವೇ ಅವುಗಳಿಗೆ ಕೆಂಪು ದಾರ ಬಿಗಿದು, ಅದರ ಇನ್ನೊಂದು ತುದಿಯನ್ನು ಸ್ಟೇರಿಂಗ್‌ಗೆ ಗಂಟು ಹಾಕಿಬಿಡುತ್ತೇನೆ.